ಹೊಸ ವಿಶ್ವಾಸಿಗಳನ್ನು ಬೆಳೆಸುವುದು: ಓದಲು ಬಾರದ ಸಹೋದರಿಯೊಬ್ಬರ ವಿಷಯದಲ್ಲಿ ಸಲಹೆ ಬೇಕು

ಪ್ರಶ್ನೆ (ಸಭೆಯ ಹಿರಿಯ, ದಾವಣಗೆರೆ)

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಚಿಕ್ಕ ಸಭೆಯಲ್ಲಿ ಕಳೆದ ವರ್ಷ ದೀಕ್ಷಾಸ್ನಾನ ಪಡೆದ ಮೂವರಲ್ಲಿ ಒಬ್ಬ ಸಹೋದರಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಹೊಸಬರಿಗಾಗಿ ನಾವು ಹನ್ನೆರಡು ವಾರಗಳ ಪಾಠಗಳನ್ನು ಸಿದ್ಧಪಡಿಸಿ, ಎಲ್ಲರ ಕೈಗೂ ಒಂದೊಂದು ಪುಸ್ತಿಕೆ ಕೊಟ್ಟಿದ್ದೆವು. ಅವರು ತಪ್ಪದೆ ಬರುತ್ತಿದ್ದರು, ಪಕ್ಕದವರು ಪುಟ ತಿರುವಿದಾಗ ತಾವೂ ತಿರುವುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಅದೂ ಎಲ್ಲರೆದುರು ಒಂದು ವಚನ ಓದಿರೆಂದು ನಾನು ಕೇಳಿದ ದಿನ. ಮರುವಾರದಿಂದ ಅವರು ಬರಲಿಲ್ಲ. ಮನೆಗೆ ಹೋಗಿ ನೋಡಿದರೆ, ಆ ಪುಸ್ತಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ಮೇಲೆ ಜೋಪಾನವಾಗಿ ಇಟ್ಟಿದ್ದರು. ಅದನ್ನು ಕಂಡು ನನಗೆ ಮಾತೇ ಹೊರಡಲಿಲ್ಲ.

ಇನ್ನೊಂದು ವಿಷಯವೂ ಇದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಅವರ ಮನೆಗೆ ನೆಂಟರಿಷ್ಟರು ಬಂದು ಸೇರುತ್ತಾರೆ. ಅಡುಗೆ ಮಾಡುವುದೇ, ಊಟಕ್ಕೆ ಕೂರುವುದೇ, ಬೇಡವೇ ಎಂದು ಅವರು ಕೇಳಿದ್ದಾರೆ. ನಾನು ಇನ್ನೂ ಉತ್ತರ ಹೇಳಿಲ್ಲ.

ಉತ್ತರ 1 (ನಿವೃತ್ತ ಶಿಕ್ಷಕಿ, ಚಿತ್ರದುರ್ಗ)

ಸಹೋದರರೇ, ಪುಸ್ತಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಂಬಿಕೆಯು ಕೇಳುವುದರಿಂದ ಬರುತ್ತದೆ ಎಂದು ರೋಮಾಪುರದವರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲನೇ ಹೇಳಿದ್ದಾನೆ. ನಮ್ಮ ಸೀಮೆಯ ಜನ ತಲೆತಲಾಂತರದಿಂದ ಕೇಳಿಯೇ ಕಲಿತವರು. 1862ರಲ್ಲಿ ಕಿಟ್ಟೆಲರು ತಮ್ಮ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿದ್ದು ಈ ಕಿವಿಯನ್ನು ಅರಿತೇ ಇರಬೇಕೆಂದು ನಾನು ಭಾವಿಸುತ್ತೇನೆ.

ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಮಾರ್ಕನ ಸುವಾರ್ತೆಯಲ್ಲಿ ಹದಿನಾರೇ ಅಧ್ಯಾಯಗಳು. ವಾರಕ್ಕೆ ಒಂದೇ ಘಟನೆಯನ್ನು ಎತ್ತಿಕೊಂಡು, ಮೊದಲು ಸತ್ಯವೇದದಿಂದ ನಿಧಾನವಾಗಿ ಓದಿ, ನಂತರ ನನ್ನ ಮಾತಿನಲ್ಲಿ ಹೇಳಿ, ಕೊನೆಗೆ ಅವರಿಂದಲೇ ಹೇಳಿಸುತ್ತೇನೆ. ಹೇಳುವಾಗ ಅವರು ಏನು ಬಿಟ್ಟರು, ಎಲ್ಲಿ ನಿಂತರು ಎಂಬುದರಿಂದಲೇ ಅವರ ಮನಸ್ಸಿನಲ್ಲಿ ಏನು ಹೂತಿದೆ ಎಂದು ತಿಳಿಯುತ್ತದೆ.

ಮುಟ್ಟಾದ ಹೆಂಗಸರನ್ನು ಹಟ್ಟಿಯ ಹೊರಗಿಡುವ ಪದ್ಧತಿಯಲ್ಲಿ ಬೆಳೆದ ಒಬ್ಬ ತಾಯಿಗೆ ನಾನು ಐದನೆಯ ಅಧ್ಯಾಯದ ಕಥೆ ಹೇಳುತ್ತಿದ್ದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟಿದ ಭಾಗಕ್ಕೆ ಬಂದಾಗ ಆಕೆ ನನ್ನನ್ನು ತಡೆದು, "ಮುಂದಿನಿಂದ ಯಾಕೆ ಬರಲಿಲ್ಲ ಅಂತ ನನಗೆ ಗೊತ್ತಮ್ಮ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳೇ ಅಂತ ಕರೆದನಾ?" ಎಂದು ಕೇಳಿದರು. ಹೌದು, ಹಾಗೆಯೇ ಕರೆದನು. ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಒಂದು ಪದದ ಮೇಲೆ ಅಷ್ಟು ಹೊತ್ತು ಎಂದೂ ನಿಂತಿರಲಿಲ್ಲ.

ಇನ್ನೊಂದು ಮಾತು. ಆದಿಸಭೆಯ ಬೋಧಕನಾದ ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಗಳು ಸಭಾಮಂದಿರದಲ್ಲಿ ಎಲ್ಲರೆದುರು ಅವನನ್ನು ತಿದ್ದಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ಹೋಗಿ ವಿವರಿಸಿದರು. ನಿಮ್ಮ ಮನೆಯವರನ್ನು ಆ ಸಹೋದರಿಯ ಬಳಿಗೆ ಕಳುಹಿಸಿ. ಎಲ್ಲರೆದುರು ಓದಲು ಹೇಳಿದ್ದಕ್ಕೆ ಕ್ಷಮೆಯನ್ನು ಮಾತ್ರ ನೀವೇ ಕೇಳಬೇಕು.

ಉತ್ತರ 2 (ಸಭಾಪಾಲಕ, ಹರಿಹರ)

ಜಾತ್ರೆಯ ಊಟದ ಬಗ್ಗೆ ಬರೆಯುತ್ತೇನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟು ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಇದೇ ಪ್ರಶ್ನೆ ಇದೆ. ಅವಿಶ್ವಾಸಿಯೊಬ್ಬನು ಊಟಕ್ಕೆ ಕರೆದರೆ ವಿಚಾರಣೆ ಮಾಡದೆ ಬಡಿಸಿದ್ದನ್ನು ಉಣ್ಣಬಹುದು, ಆದರೆ ಇದು ಎಡೆ ಇಟ್ಟದ್ದೆಂದು ಯಾರಾದರೂ ತಿಳಿಸಿದರೆ, ಹಾಗೆ ತಿಳಿಸಿದವನ ನಿಮಿತ್ತವಾಗಿ ಉಣ್ಣಬಾರದು ಎಂದು ಪೌಲನು ಹೇಳುತ್ತಾನೆ. ಆದ್ದರಿಂದ ನೆಂಟರಿಗೆ ಅಡುಗೆ ಮಾಡಿ ಬಡಿಸುವುದು ಬೇರೆ, ಪೂಜೆಯಲ್ಲಿ ಪಾಲ್ಗೊಳ್ಳುವುದು ಬೇರೆ ಎಂಬುದು ನನ್ನ ತಿಳುವಳಿಕೆ. ಈ ವಿಷಯದಲ್ಲಿ ನನಗಿಂತ ಬಿಗಿಯಾದ ನಿಲುವಿನ ಸೇವಕರಿದ್ದಾರೆ, ಅವರನ್ನೂ ನಾನು ಗೌರವಿಸುತ್ತೇನೆ.

ಆದರೆ ತೀರ್ಮಾನವನ್ನು ನೀವು ಮಾಡಿ ಅವರ ಕೈಗೆ ಕೊಡಬೇಡಿ. ಅರಸುಗಳು ಎರಡನೆಯ ಭಾಗದ ಐದನೆಯ ಅಧ್ಯಾಯದಲ್ಲಿ ಕುಷ್ಠ ವಾಸಿಯಾದ ಅರಾಮ್ಯರ ಸೇನಾಪತಿ ನಾಮಾನನು, ತನ್ನ ಒಡೆಯನೊಂದಿಗೆ ರಿಮ್ಮೋನನ ಗುಡಿಗೆ ಹೋಗಿ ಬಾಗಬೇಕಾಗುತ್ತದೆ, ಯೆಹೋವನು ಕ್ಷಮಿಸಲಿ ಎಂದು ಬೇಡಿದಾಗ, ಎಲೀಷನು ನಿಯಮಗಳ ಪಟ್ಟಿಯನ್ನು ಓದಲಿಲ್ಲ, ಸಮಾಧಾನದಿಂದ ಹೋಗು ಎಂದನು. ನಿನ್ನೆ ಮೊನ್ನೆ ನಂಬಿದವನ ಭಾರವನ್ನು ಆ ಪ್ರವಾದಿ ಅರಿತಿದ್ದನು. ಈ ಭಾಗಗಳನ್ನು ಆ ಸಹೋದರಿಗೆ ಓದಿ ಹೇಳಿ, ಅವರೊಂದಿಗೆ ಪ್ರಾರ್ಥಿಸಿ, ಜಾತ್ರೆಯ ಮರುದಿನ ಅವರ ಮನೆಗೆ ಹೋಗಿ ಬನ್ನಿ. ಅವರು ಎಡವಿದ್ದರೂ ಹೋಗಿ.

ಉತ್ತರ 3 (ಹೊಸ ವಿಶ್ವಾಸಿ, ಚಳ್ಳಕೆರೆ)

ನಾನು ನಂಬಿ ನಾಲ್ಕು ವರ್ಷವಾಯಿತು. ಒಂದು ವಿನಂತಿ: ಐದಾರು ಜನ ಒಟ್ಟಿಗೆ ಆ ಸಹೋದರಿಯ ಮನೆಗೆ ಹೋಗಿ ಜೋರಾಗಿ ಪ್ರಾರ್ಥನೆ ಮಾಡಬೇಡಿ. ನೀವು ಹೊರಟುಹೋದ ಮೇಲೆ ಓಣಿಯವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಅವರು. ನನ್ನ ಆರಂಭದ ದಿನಗಳಲ್ಲಿ ಒಬ್ಬ ಅಣ್ಣ ಶೇಂಗಾ ಹೊಲಕ್ಕೇ ಬಂದು, ನನ್ನ ಜೊತೆ ಬಳ್ಳಿ ಕಿತ್ತು, ಬುತ್ತಿ ಬಿಚ್ಚುವಾಗ ಒಂದು ಕೀರ್ತನೆ ಹೇಳಿ ಹೋಗುತ್ತಿದ್ದರು. ಇಪ್ಪತ್ತಮೂರನೆಯ ಕೀರ್ತನೆ ನನಗೆ ಬಾಯಿಪಾಠವಾದದ್ದು ಆ ಬದುವಿನ ಮೇಲೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ನಾನು ಹೋಗಿ ಕ್ಷಮೆ ಕೇಳಿದೆ. ಈಗ ನನ್ನ ಹೆಂಡತಿ ಬುಧವಾರ ಸಂಜೆ, ಭಟ್ಟಿಯ ಕೆಲಸ ಮುಗಿದ ಮೇಲೆ ಅವರ ಮನೆಗೆ ಹೋಗುತ್ತಾಳೆ. ಜಾತ್ರೆಯ ಬಗ್ಗೆ ಅವರು ಇನ್ನೂ ಪ್ರಾರ್ಥಿಸುತ್ತಿದ್ದಾರೆ, ನಾವು ಅವಸರಪಡಿಸಿಲ್ಲ. ಕಳೆದ ವಾರ ಅವರು ರಕ್ತಸ್ರಾವದ ಹೆಂಗಸಿನ ಕಥೆಯನ್ನು ತಾವೇ ಹೇಳುತ್ತಿರುವಾಗ, ಇಷ್ಟು ದಿನ ಒಳಗೇ ಇರುತ್ತಿದ್ದ ಅತ್ತೆ ಬಂದು ಬಾಗಿಲ ಬಳಿ ನಿಂತು, "ಆಮೇಲೆ ಆಕೆಯನ್ನ ಮನೆಯವರು ಒಳಗೆ ಸೇರಿಸಿಕೊಂಡರಾ?" ಎಂದು ಕೇಳಿದರಂತೆ.