ಸೆಲ್ಫ್ ಸ್ಟೋರೇಜ್‌ಗೆ ಪಿಇಬಿ ಶೆಡ್: ಕಂಬದ ಅಂತರ ಎಷ್ಟಿರಬೇಕು?

ಪ್ರಶ್ನೆ: ಹೊಸಕೋಟೆ ಹತ್ತಿರ ಕನ್ವರ್ಶನ್ ಆದ ಜಾಗ ಇದೆ. ಮನೆ ಬದಲಿಸುವವರು ಸಾಮಾನು ಇಟ್ಟು ಬೀಗ ಹಾಕಿಕೊಂಡು ಹೋಗುವಂಥ ಸಣ್ಣ ಖಾನೆಗಳನ್ನು ಮಾಡಿ ಬಾಡಿಗೆಗೆ ಕೊಡಬೇಕೆಂದಿದ್ದೇನೆ. 40×100 ಅಡಿ ಪಿಇಬಿ ಶೆಡ್ (ಫ್ಯಾಕ್ಟರಿಯಲ್ಲೇ ತಯಾರಿಸಿದ ಉಕ್ಕಿನ ಭಾಗಗಳನ್ನು ತಂದು ಜೋಡಿಸುವಂಥದ್ದು), 25 ಅಡಿಗೊಂದು ಕಂಬ ಅಂತ ಕೊಟೇಶನ್ ಬಂದಿದೆ. ಪಾರ್ಟಿಶನ್ ಆಮೇಲೆ ಹಾಕಿಕೊಳ್ಳಿ ಅಂತಾರೆ. ಸರಿನಾ ಸರ್?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ಸಹಿ ಹಾಕಬೇಡಿ ಸರ್. ಮೊದಲು ಖಾನೆಗಳ ನಕ್ಷೆ ಆಗಲಿ, ಕಂಬ ಅದಕ್ಕೆ ತಕ್ಕಂತೆ ನಿಲ್ಲಲಿ. ಹೊರಬದಿಗೆ 10 ಅಡಿ ಅಗಲದ ಖಾನೆ ಮಾಡಿದರೆ, 25 ಮತ್ತು 75ನೇ ಅಡಿಯ ಕಂಬಗಳು ಮೂರನೇ ಮತ್ತು ಎಂಟನೇ ಶಟರಿನ ನಟ್ಟನಡುವೆ ಬರುತ್ತವೆ. ಎರಡೂ ಬದಿ ಸೇರಿ ನಾಲ್ಕು ಖಾನೆ ಹಾಳು. 20 ಅಡಿಗೊಂದು ಕಂಬ ಕೇಳಿ. ಐದರ ಬದಲು ಆರು ಫ್ರೇಮ್ (ಎದುರುಬದುರು ಕಂಬ, ಮೇಲಿನ ತೊಲೆ ಸೇರಿದ ಚೌಕಟ್ಟು) ಆಗುತ್ತದೆ, ಆದರೆ ಪರ್ಲಿನ್ (ಫ್ರೇಮಿನಿಂದ ಫ್ರೇಮಿಗೆ ಹೋಗಿ ಚಾವಣಿ ಶೀಟ್ ಹೊರುವ ಪಟ್ಟಿ) ಹಗುರವಾಗುತ್ತದೆ, ಕಂಬಗಳೆಲ್ಲ ಪಾರ್ಟಿಶನ್ ಸಾಲಿನಲ್ಲೇ ಅಡಗುತ್ತವೆ.

40 ಅಡಿ ಅಗಲವನ್ನು ಹೀಗೆ ಹಂಚಿ: ಹೊರಗಿನ ಖಾನೆ 10, ಒಳಗಿನದು 7.5, ನಡುವೆ ಓಣಿ 5, ಮತ್ತೆ 7.5, 10. ಓಣಿಗೆ ಹೋಗುವುದು ನೂರಕ್ಕೆ 12.5 ಭಾಗ ಮಾತ್ರ. ಹೊರಗಿನ 20 ಖಾನೆಗಳಿಗೆ ಟೆಂಪೋ ನೇರ ಬಾಗಿಲಿಗೇ ಬರುತ್ತದೆ.

ಎಲ್ಲರೂ ಮರೆಯುವುದು ಬ್ರೇಸಿಂಗ್. ಉದ್ದದ ಗೋಡೆಯಲ್ಲಿ ಗಾಳಿ ತಡೆಯಲು ಅಡ್ಡಡ್ಡ ಎಕ್ಸ್ ರಾಡ್ ಕೊಡುವುದು ರೂಢಿ. ನಿಮಗಲ್ಲಿ ಪೂರ್ತಿ ಶಟರ್‌ಗಳೇ ಇರುವುದರಿಂದ ರಾಡ್ ಬಾಗಿಲಿಗೆ ಅಡ್ಡ ಬರುತ್ತದೆ. ಆಮೇಲೆ ಅದನ್ನು ಕತ್ತರಿಸುವವರೂ ಇದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ, ಶೆಡ್ ಉದ್ದಕ್ಕೆ ವಾಲದಂತೆ ಹಿಡಿದಿರುವುದೇ ಅದು. ರಾಡ್ ಬರುವ ಬೇಯಲ್ಲಿ (ಎರಡು ಕಂಬಗಳ ನಡುವಿನ ಜಾಗ) ಅದರ ಬದಲು ಪೋರ್ಟಲ್ ಬ್ರೇಸಿಂಗ್, ಅಂದರೆ ಬಾಗಿಲಿಗೆ ಅಡ್ಡ ಬಾರದ ಗಟ್ಟಿ ಚೌಕಟ್ಟು ಬೇಕೆಂದು ಈಗಲೇ ಡ್ರಾಯಿಂಗ್‌ನಲ್ಲಿ ಬರೆಸಿ. ಕಂಬವೂ ಮೇಲೆ ಹೋದಂತೆ ದಪ್ಪವಾಗುವ ಟೇಪರ್ ಬೇಡ, ನೇರ ಕಂಬ ಇರಲಿ. 8 ಅಡಿ ಶಟರ್, ಮೇಲೆ ಅದು ಸುತ್ತಿಕೊಳ್ಳಲು ಒಂದೂವರೆ ಅಡಿ, ಹೀಗಾಗಿ ಸೂರಿನ ಎತ್ತರ 10 ಅಡಿಗೆ ಕಮ್ಮಿ ಆಗಬಾರದು.

ಪ್ರಶ್ನೆ: ಚಾವಣಿ ಶೀಟಿನ ಕೆಳಗೆ ಹಾಕುವ ಇನ್ಸುಲೇಶನ್ ಬಿಟ್ಟರೆ ಖರ್ಚು ಉಳಿಯುತ್ತದಲ್ಲ?

ಉತ್ತರ (ಶೆಡ್ ಗುತ್ತಿಗೆದಾರ): ಅದನ್ನು ಮಾತ್ರ ಬಿಡಬೇಡಿ. ರಾತ್ರಿ ಶೀಟ್ ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ತಾಗಿ ಬೆಳಗಿನ ಜಾವ ಶೀಟಿನ ಕೆಳಗೆ ಹನಿ ಕಟ್ಟಿ ತೊಟ್ಟಿಕ್ಕುತ್ತದೆ. ತೂತೇ ಇಲ್ಲದ ಚಾವಣಿ ಸೋರುತ್ತಿದೆ ಅಂತ ಗ್ರಾಹಕರು ದೂರುವುದು ಇದಕ್ಕೇ. ಪರ್ಲಿನ್ ಮೇಲೆ ತಂತಿಜಾಲಿ, ಅದರ ಮೇಲೆ 50 ಮಿ.ಮೀ. ಗ್ಲಾಸ್‌ವೂಲ್ (ಗಾಜಿನ ನಾರಿನ ಹಾಸು), ಫಾಯಿಲ್ ಮುಖ ಕೆಳಕ್ಕೆ, ಆಮೇಲೆ ಶೀಟ್. ಫಾಯಿಲ್ ಕೂಡುವಲ್ಲಿ ಟೇಪ್ ಹಾಕದಿದ್ದರೆ ತೇವ ಮೇಲೇರಿ ವೂಲೇ ಒದ್ದೆಯಾಗುತ್ತದೆ. ಶೀಟ್ ಹೊದಿಸಿದ ಮೇಲೆ ಕೆಳಗಿನಿಂದ ಇದನ್ನೆಲ್ಲ ಸರಿಯಾಗಿ ಕೂರಿಸಲಾಗುವುದಿಲ್ಲ. ನೆಲದ ತೇವಕ್ಕೆ ಕಾಂಕ್ರೀಟ್ ಕೆಳಗೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ. ಶಟರ್ ಕೂರುವ ಅಂಚಿನಲ್ಲಿ ನೆಲ ಒಂದು ಇಂಚು ತಗ್ಗಿರಲಿ, ಎರಚಲು ಒಳಗೆ ಬರುವುದಿಲ್ಲ.

ಸ್ಕ್ರೂ ಹೊಡೆಯುವಾಗ ಪಕ್ಕದಲ್ಲೇ ನಿಂತು ನೋಡಿ. ರಬ್ಬರ್ ವಾಷರ್ ತಗಡಿನ ಅಂಚಿನಿಂದ ಒಂಚೂರು ಇಣುಕಿದರೆ ಸಾಕು. ಹಿಂಡಿ ಹೊರಕ್ಕೆ ಉಬ್ಬಿದ್ದರೆ ಬಿಸಿಲಿಗೆ ಬೇಗ ಸೀಳುತ್ತದೆ. ಅವತ್ತಿನ ಕಬ್ಬಿಣದ ಪುಡಿ ಅವತ್ತೇ ಗುಡಿಸಿಸಿ, ಬಿಟ್ಟರೆ ಮೊದಲ ಮಳೆಗೇ ಶೀಟ್ ಮೇಲೆ ತುಕ್ಕಿನ ಚುಕ್ಕೆ.

ಪ್ರಶ್ನೆ: ಪಾಯದಲ್ಲಿ ನಾನೇ ಪರೀಕ್ಷಿಸಬಹುದಾದದ್ದು ಏನಿದೆ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ಕಂಬ ಕೂರಿಸಲು ಪಾಯದಲ್ಲಿ ಇಡುವ ಬೋಲ್ಟ್ ಸಾಲಿನ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಕಂಬದ ಸಾಲುಗಳ ನಡುವೆ ಸರಿಯಾಗಿ 40 ಮತ್ತು 100 ಅಡಿ ಇದ್ದರೆ ಎರಡೂ ಕರ್ಣ ಸುಮಾರು 107 ಅಡಿ ಎಂಟೂವರೆ ಇಂಚು ಬರಬೇಕು. ಬರದಿದ್ದರೆ ಕಾಂಕ್ರೀಟ್ ಹಾಕಲು ಬಿಡಬೇಡಿ.