ದೇವರಾಯನದುರ್ಗದ ಮಂಜು ಬೂದಿ ಬಣ್ಣಕ್ಕೆ ಯಾಕೆ ತಿರುಗ್ತು

ಪುಟ್ಟೀ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿಸ್ಕೋ. ಬೆಳಗ್ಗೆ ನೀನು ಗ್ರೂಪಿಗೆ ಹಾಕಿದ ದೇವರಾಯನದುರ್ಗದ ಫೋಟೋ ಎಲ್ಲಾ ನೋಡ್ದೆ. ಮಂಜು ಬೂದಿ ಕಲಸಿದ ನೀರಿನ ಥರ ಬಂದಿದೆ, ನಾಮದ ಚಿಲುಮೆ ಹತ್ರ ಮರದಡಿ ತೆಗೆದಿದ್ದು ಅಲ್ಲಾಡಿದೆ. ಅದಕ್ಕೇ ‘ಹೊಸ ಕ್ಯಾಮೆರಾ ತಗೊಳ್ಳಾ ಚಿಕ್ಕಪ್ಪ’ ಅಂತ ಕೇಳಿದೀಯ. ಬೇಡ ಕಣಮ್ಮ. ನಿನ್ನ ಫೋನು, ಅಣ್ಣನ ಹಳೇ ಕ್ಯಾಮೆರಾ, ಅದರ 18-55 ಲೆನ್ಸು, ಅಂದ್ರೆ 18ರಲ್ಲಿ ಅಗಲದ ನೋಟ, 55ರಲ್ಲಿ ದೂರದ್ದು ಸ್ವಲ್ಪ ಹತ್ರ ಕಾಣೋ ಜೂಮ್ ಲೆನ್ಸು, ಇಷ್ಟು ಧಾರಾಳ. ದುಡ್ಡು ಹಾಕಲೇಬೇಕು ಅಂದ್ರೆ ಒಂದು ಗಟ್ಟಿ ಟ್ರೈಪಾಡ್‌ಗೆ ಹಾಕು.

ಮಂಜಿನದು ಮೊದಲು. ಅದು ಮಂಜು ಅಂತ ಕ್ಯಾಮೆರಾಗೆ ಗೊತ್ತಾಗಲ್ಲ. ಎದುರಿಗೆ ಏನೇ ಇರ್ಲಿ, ಅದನ್ನ ನಡುಮಟ್ಟದ ಬೂದು ಬಣ್ಣಕ್ಕೆ ತರೋದೊಂದೇ ಅದಕ್ಕೆ ಬರೋ ವಿದ್ಯೆ. ಬೆಳ್ಳಗಿರೋ ಮಂಜನ್ನೂ ಹಂಗೇ ಕೆಳಗೆ ಎಳೆಯುತ್ತೆ. ಆದ್ರಿಂದ ಬೆಳಕು ಜಾಸ್ತಿ ಮಾಡು ಅಂತ ನೀನೇ ಹೇಳ್ಬೇಕು. ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುರುತಿನ ಗುಂಡಿ ಒತ್ತಿ ಹಿಡ್ಕೊಂಡು ಚಕ್ರ ತಿರುಗಿಸಿ ಪ್ಲಸ್ 0.7 ಇಂದ ಪ್ಲಸ್ 1 ತನಕ ಇಡು. ಫೋನಲ್ಲಾದ್ರೆ ಪರದೆ ಮೇಲೆ ಬೆರಳು ಮುಟ್ಟಿಸಿದ್ರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತಲ್ಲ, ಅದನ್ನ ಮೇಲಕ್ಕೆ ಜಾರಿಸು. ತೆಗೆದ ಮೇಲೆ ಹಿಸ್ಟೋಗ್ರಾಮ್ ನೋಡು, ಅಂದ್ರೆ ಫೋಟೋದಲ್ಲಿ ಕಪ್ಪೆಷ್ಟು ಅಂತ ಎಡಗಡೆ, ಬಿಳುಪೆಷ್ಟು ಅಂತ ಬಲಗಡೆ ಗುಡ್ಡದ ಥರ ತೋರಿಸೋ ಚಿತ್ರ. ಗುಡ್ಡ ಬಲಗಡೆಗೆ ವಾಲಿರ್ಬೇಕು, ಆದ್ರೆ ಬಲಗಡೆ ಗೋಡೆಗೆ ಅಂಟ್ಕೋಬಾರದು. ಅಂಟ್ಕೊಂಡ್ರೆ ಬಿಳಿ ಸುಟ್ಟೋಯ್ತು ಅಂತ, ಆಮೇಲೆ ಎಡಿಟಿಂಗಲ್ಲಿ ಏನು ಮಾಡಿದ್ರೂ ವಾಪಸ್ ಬರಲ್ಲ. ಇನ್ನೊಂದು, ಬರೀ ಮಂಜಿನ ಕಡೆ ತೋರಿಸಿದ್ರೆ ಲೆನ್ಸು ಹಿಂದೆ ಮುಂದೆ ಒದ್ದಾಡುತ್ತೆ, ಫೋಕಸ್ ಹಿಡಿಯೋಕೆ ಅದಕ್ಕೆ ಒಂದು ಅಂಚು ಬೇಕು. ಹತ್ತಿರದ ಬಂಡೆಯ ಅಂಚನ್ನೋ ಒಂದು ಕೊಂಬೆಯನ್ನೋ ಹಿಡಿಸು. ಆ ಥರ ಕಪ್ಪಗಿರೋದು ಒಂದು ಫೋಟೋದೊಳಗೆ ಇದ್ರೇನೇ ಹಿಂದಿನ ಮಂಜು ಮಂಜಾಗಿ ಕಾಣೋದು.

ನಿನ್ನ ಮೂರನೇ ಫೋಟೋದಲ್ಲಿ ನಡುವೆ ಮಾತ್ರ ಮಸುಕಾಗಿದೆ, ಅದು ಹೊರಗಿನ ಮಂಜಲ್ಲ, ಲೆನ್ಸಿನ ಮೇಲಿನ ಹಬೆ. ಕಾರಲ್ಲಿ ಏಸಿ ಹಾಕ್ಕೊಂಡು ಹೋಗಿ, ತಣ್ಣಗಾದ ಕ್ಯಾಮೆರಾನ ತೇವದ ಗಾಳಿಗೆ ಏಕಾಏಕಿ ತೆಗೆದ್ರೆ ಹಿಂಗಾಗುತ್ತೆ. ಘಾಟಿ ಹತ್ತೋ ಮುಂಚೇನೇ ಏಸಿ ಆರಿಸಿ ಕಿಟಕಿ ಇಳಿಸು. ಬ್ಯಾಗಿನ ಜಿಪ್ಪು ಇಪ್ಪತ್ತು ಮೂವತ್ತು ನಿಮಿಷ ತೆಗೀಬೇಡ. ಹಬೆ ಬಂದ್ರೂ ಸೆರಗಲ್ಲಿ ಉಜ್ಜಬೇಡ, ತಾನೇ ಆರುತ್ತೆ. ಫೋನಿನ ಲೆನ್ಸು ಮಾತ್ರ ಪ್ರತಿ ಸಲ ಒರೆಸು, ಅಲ್ಲಿರೋದು ಬೆರಳಿನ ಎಣ್ಣೆ.

ಹೊತ್ತಿನ ವಿಷಯ. ಯುರೋಪಿನವರ ವಿಡಿಯೋ ನೋಡ್ಕೊಂಡು ಹೊಂಬಿಸಿಲು ಒಂದು ಗಂಟೆ ಸಿಗುತ್ತೆ ಅಂದ್ಕೋಬೇಡ. ನಮ್ಮ ಕಡೆ ಸೂರ್ಯ ನೆಟ್ಟಗೆ ಏರ್ತಾನೆ, ಒಳ್ಳೆ ಬೆಳಕು ಅರ್ಧ ಗಂಟೆ ಅಷ್ಟೇಯ. ಜನವರೀಲಿ ಸೂರ್ಯ ಹುಟ್ಟೋದು 6:45ರ ಆಸುಪಾಸು. 6:15ಕ್ಕೆಲ್ಲಾ ಜಾಗ ಹಿಡಿದು ಟ್ರೈಪಾಡ್ ಊರಿರ್ಬೇಕು. ಆಮೇಲೆ ಬಂದೋರಿಗೆ ತಿಂಡಿ ಹೋಟೆಲೇ ಗತಿ.

ಇನ್ನು ಮರದಡಿ ಅಲ್ಲಾಡಿದ್ದು. ಲೆಕ್ಕ ಹಿಂಗೆ. ಎಫ್ ಅಂದ್ರೆ ಲೆನ್ಸಿನ ಕಿಂಡಿ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಐಎಸ್ಒ ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು, ಶಟರ್ ಅಂದ್ರೆ ಬೆಳಕು ಒಳಗೆ ಬಿಡೋ ಹೊತ್ತು. ದಟ್ಟ ನೆರಳಲ್ಲಿ ಎಫ್ 8, ಐಎಸ್ಒ 100 ಇಟ್ರೆ ಶಟರ್ ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ, ಅಂದ್ರೆ 1/8ಕ್ಕೆ ಇಳಿಯುತ್ತೆ. 55ರ ತುದೀಲಿ ಕೈಯಲ್ಲಿ ಹಿಡಿದು ತೆಗೆಯೋಕೆ ಕಡಿಮೆ ಅಂದ್ರೂ 1/80 ಬೇಕು. ಎಫ್ 5.6, ಐಎಸ್ಒ 800 ಮಾಡು, 1/125 ಸಿಗುತ್ತೆ. ಗಾಳಿಗೆ ಎಲೆ ಆಡ್ತಿದ್ರೆ 1/250 ಬೇಕು, ಅಂದ್ರೆ ಐಎಸ್ಒ 1600. ಐಎಸ್ಒ ಏರಿಸಿ ಫೋಟೋ ಕಾಳು ಕಾಳಾದ್ರೆ ಆಗ್ಲಿ ಬಿಡು, ಅದನ್ನ ಆಮೇಲೆ ಕಮ್ಮಿ ಮಾಡ್ಬಹುದು, ಅಲ್ಲಾಡಿದ್ದನ್ನ ನಿಲ್ಲಿಸೋಕಾಗಲ್ಲ. ಟ್ರೈಪಾಡ್ ಮೇಲಿಟ್ರೆ ಐಎಸ್ಒ 100ಕ್ಕೇ ಇಳಿಸು, ಕೈನಡುಕ ತಡೆಯೋ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡು, ಎರಡು ಸೆಕೆಂಡಿನ ಟೈಮರ್ ಹಾಕು, ಟ್ರೈಪಾಡಿನ ನಡುಗಂಬ ಎತ್ತಬೇಡ. ಆದ್ರೆ ಟ್ರೈಪಾಡು ನಿನ್ನ ಕೈ ನಡುಗೋದನ್ನ ತಡೀಬಹುದು, ಎಲೆ ಆಡೋದನ್ನಲ್ಲ. ಗಾಳಿ ನಿಲ್ಲೋ ತನಕ ಕಾಯ್ಬೇಕು.

ಕಾಡಿನೊಳಗೆ ಮಟಮಟ ಮಧ್ಯಾಹ್ನ ತೆಗೀಲೇಬೇಡ, ಚುಕ್ಕೆ ಚುಕ್ಕೆ ಬಿಸಿಲು ಬಿದ್ದು ಎಲ್ಲಾ ಚಿಂದಿ ಚಿಂದಿಯಾಗುತ್ತೆ. ಮೋಡ ಕವಿದ ದಿನಾನೇ ಕಾಡಿಗೆ ಲಾಯಕ್ಕು. ಎಲೆ ಸಂದೀಲಿ ಆಕಾಶ ಬಿಳೀ ತೂತಿನ ಥರ ಕಾಣ್ತಿದ್ರೆ ಕ್ಯಾಮೆರಾನ ಸ್ವಲ್ಪ ಕೆಳಗೆ ಬಾಗಿಸಿ ಅದನ್ನ ಹೊರಗೆ ಬಿಡು. ಮಳೆ ನಿಂತ ಮೇಲೆ ಎಲೆ ಮೇಲಿನ ಹೊಳಪು ತೆಗೆಯೋಕೆ ಪೋಲರೈಸರ್ ಫಿಲ್ಟರ್ ಒಳ್ಳೇದು, ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಹಸಿರು ಏಳೋದು ಕಣ್ಣಿಗೇ ಕಾಣುತ್ತೆ. ಆದ್ರೆ ಅದು ಬೆಳಕನ್ನ ಮೂರು ನಾಲ್ಕು ಪಟ್ಟು ನುಂಗುತ್ತೆ, ಮೇಲಿನ ಲೆಕ್ಕ ಎಲ್ಲಾ ಅಷ್ಟು ಬದಲಾಗುತ್ತೆ. 18ರಲ್ಲಿ ಆಕಾಶ ಸೇರಿಸಿ ತೆಗೆದ್ರೆ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವ ಬರುತ್ತೆ, ಅಲ್ಲಿ ಫಿಲ್ಟರ್ ಕಳಚಿಬಿಡು.

ಮುತ್ತುಗ ಹೂ ಬಿಟ್ಟಾಗ, ಫೆಬ್ರವರಿ ಮಾರ್ಚಲ್ಲಿ, ಮಂಜಿಗೆ ತದ್ವಿರುದ್ಧ: ಮೈನಸ್ 0.7. ಆ ಕೆಂಪು ಬೇಗ ತುಂಬಿ ಹರಿದು, ಎಸಳು ಯಾವುದು ಅಂತ ಗೊತ್ತಾಗದ ಹಾಗೆ ಬಣ್ಣ ಮೆತ್ತಿದಂಗೆ ಆಗುತ್ತೆ.

ಮುಂದಿನ ವಾರ ಮಧುಗಿರಿ ಕಡೆ ಮೈದನಹಳ್ಳಿಗೆ ಕೃಷ್ಣಮೃಗ ನೋಡೋಕೆ ಹೋಗ್ತೀವಿ ಅಂದ್ಯಲ್ಲ, 55ರ ಲೆನ್ಸಿಗೆ ಅವು ಇರುವೆ. ಹತ್ರ ಹೋಗೋಕೆ ಓಡಬೇಡ, ಅವು ನಿನಗಿಂತ ಜೋರು. ಹುಲ್ಲುಗಾವಲು, ಆಕಾಶ, ಮೂಲೇಲಿ ಎರಡು ಮೃಗ, ಹಂಗೆ ತೆಗಿ. ಗಾಡಿ ಇಳೀದೆ ಕಿಟಕಿ ಮೇಲೆ ಕೈ ಊರಿ ತೆಗಿ. ಬಿಸಿಲು ಏರಿದ ಮೇಲೆ ನೆಲದ ಕಾವಿಗೆ ದೂರದ್ದೆಲ್ಲಾ ಅಲೆ ಅಲೆಯಾಗಿ ಬರುತ್ತೆ, ಅದು ಲೆನ್ಸಿನ ತಪ್ಪಲ್ಲ.

ಆಮೇಲೆ ಫೋಟೋನ ಹಿಂಗೆ ನೇರವಾಗಿ ಹಾಕಿದ್ರೆ ವಾಟ್ಸಾಪ್ ಹಿಂಡಿ ಚಿಕ್ಕದು ಮಾಡುತ್ತೆ, ಚೂಪಾಗಿದೆಯೋ ಇಲ್ವೋ ನನಗೆ ಗೊತ್ತಾಗಲ್ಲ. ಆ ಮಂಜಿನ ಮೂರನ್ನ ಡಾಕ್ಯುಮೆಂಟ್ ಅಂತ ಕಳಿಸು. ಆದ್ರೆ ಹಂಗೆ ಕಳಿಸಿದ್ರೆ ತೆಗೆದ ಜಾಗದ ಗುರುತೂ ಜೊತೇಲೇ ಹೋಗುತ್ತೆ, ಹಕ್ಕಿ ಗೂಡಿನ ಆ ಒಂದನ್ನ ಗ್ರೂಪಿಗೆ ಹಾಕ್ಬೇಡ, ನನಗೊಬ್ಬನಿಗೇ ಕಳಿಸು.