ಮೂಗು ಕಟ್ಟಿದ್ರೆಲ್ಲಾ ಸ್ಕ್ಯಾನಾ? ನಮ್ಮನೆ ಗುಂಪಲ್ಲಿ ನಿನ್ನೆ ನಡೆದ ಜಗಳ

ಸೋಮವಾರಪೇಟೆ ಮಾವ: (ಫಾರ್ವರ್ಡ್) ಮೂಗು ಕಟ್ಟಿದೆಯೇ? ಶೀತವೆಂದು ಸುಮ್ಮನಿರಬೇಡಿ!! ಮುಖದೊಳಗೆ ಗಂಟು ಬೆಳೆಯುತ್ತಿರಬಹುದು. ಕೂಡಲೇ ಸ್ಕ್ಯಾನ್ ಮಾಡಿಸಿ, ಹತ್ತು ಜನರಿಗೆ ಕಳುಹಿಸಿ 🙏

ಮಾವ: ಎಲ್ರೂ ಓದಿ. ನಂಗೂ ಮೂಗು ಬಿಡ್ತಾನೇ ಇಲ್ಲ, ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸ್ಬಿಡ್ತೀನಿ

ಬೆಂಗಳೂರು ಅಣ್ಣ: ಮಾವ ಮತ್ತೆ ಶುರುವಾ 😂 ಎಲ್ಲಾ ಸುಳ್ಳು, ಡಿಲೀಟ್ ಮಾಡಿ

ಡೆಂಟಿಸ್ಟ್ ಅಕ್ಕ: ಪೂರ್ತಿ ಸುಳ್ಳೇನಲ್ಲ ಕಣೋ. ನೇಸೋಲೇಬಿಯಲ್ ಸಿಸ್ಟ್ ಅಂತ ಇದೆ, 1882ರಲ್ಲೇ ಝುಕರ್‌ಕಾಂಡ್ಲ್ ಅನ್ನೋರು ಬರೆದಿದ್ದಾರೆ. ಮೂಗಿನ ಹೊಳ್ಳೆ ಬುಡದಲ್ಲಿ ಮೇಲ್ತುಟಿ ಹಿಂದೆ ನೀರು ತುಂಬಿದ ಚೀಲದ ಥರ, ನಿಧಾನಕ್ಕೆ ದಪ್ಪ ಆಗಿ ಆ ಕಡೆ ಹೊಳ್ಳೆನ ಮೇಲಕ್ಕೆ ತಳ್ಳುತ್ತೆ, ಆವಾಗ ಉಸಿರು ಕಟ್ಟುತ್ತೆ. ಆದ್ರೆ ದವಡೆ ಭಾಗದ ಸಿಸ್ಟ್‌ಗಳಲ್ಲಿ ನೂರಕ್ಕೆ ಒಂದೂ ಇದಲ್ಲ, ಅದೂ ಹೆಚ್ಚಾಗಿ ನಲವತ್ತು ಐವತ್ತರ ಹೆಂಗಸ್ರಿಗೆ

ಮಾವ: ನೋಡಿದ್ಯಾ, ಇದೆ ಅಂತ ನೀನೇ ಹೇಳಿದೆ

ಅಕ್ಕ: ಇದೆ ಅಂದೆ ಮಾವ, ನಿಮಗಿದೆ ಅಂದ್ನಾ? ನಿಮ್ಗೆ ಎರಡೂ ಕಡೆ ಕಟ್ಟುತ್ತೆ, ಕಣದಲ್ಲಿ ಕಾಫಿ ಧೂಳು ಎದ್ರೆ ಸೀನು, ಮಳೆಗಾಲದಲ್ಲಿ ಕಂಬಳಿಗೆಲ್ಲಾ ಬೂಷ್ಟು. ಅಲರ್ಜಿ ಇರ್ಬೇಕು

ಅತ್ತೆ: ದಿಂಬಿನ ಕೆಳಗೆ ಮೂಗು ಬಿಡಿಸೋ ಡ್ರಾಪ್ಸ್ ಬಾಟ್ಲು ಇಟ್ಕೊಂಡು ತಿಂಗಳುಗಟ್ಲೆ ಬಿಟ್ಕೊಳ್ತಾರಲ್ಲ ಅದನ್ನ ಯಾಕೆ ಹೇಳಲ್ಲ ಇವ್ರು

ಮಾವ: ಅದೆಲ್ಲ ಇಲ್ಲಿ ಯಾಕೆ

ಅಕ್ಕ: ಅಯ್ಯೋ ಮಾವಾ!! ಆ ಡ್ರಾಪ್ಸ್ ಕೆಲವು ದಿನಕ್ಕಷ್ಟೇ. ಜಾಸ್ತಿ ಬಿಟ್ರೆ ಅದರಿಂದ್ಲೇ ಮೂಗು ಕಟ್ಟುತ್ತೆ, ಬಿಟ್ಟಷ್ಟೂ ಕಟ್ಟುತ್ತೆ ಕಟ್ಟಿದಷ್ಟೂ ಬಿಡ್ತೀರ. ಸ್ಕ್ಯಾನ್ ದುಡ್ಡು ಉಳಿಸಿ, ಮಡಿಕೇರಿಲಿ ಇಎನ್‌ಟಿ ಹತ್ರ ಮೂಗು ತೋರ್ಸಿ ಮೊದ್ಲು

ನಾನು: ಮತ್ತೆ ಆ ಸಿಸ್ಟ್ ಗೊತ್ತಾಗೋದು ಹೆಂಗಕ್ಕಾ

ಅಕ್ಕ: ಸಾಮಾನ್ಯವಾಗಿ ಒಂದೇ ಕಡೆ. ಮೂಗಿನ ಪಕ್ಕದ ಗೆರೆ ಮಾಯ ಆಗಿ ಮುಖ ಸ್ವಲ್ಪ ಓರೆ ಕಾಣುತ್ತೆ, ತುಟಿ ಎತ್ತಿ ಒಸಡಿನ ಮೇಲೆ ಒತ್ತಿದ್ರೆ ಮೆತ್ತಗೆ ಸಿಗುತ್ತೆ. ಸೋಂಕು ಆಗದಿದ್ರೆ ನೋವೂ ಇರಲ್ಲ. ಮೂಳೆ ಒಳಗಿರಲ್ವಲ್ಲ, ಹಲ್ಲಿನ ಎಕ್ಸ್‌ರೇಲಿ ಎಷ್ಟೋ ಸಲ ಕಾಣೋದೇ ಇಲ್ಲ, ಕೈಯಲ್ಲಿ ನೋಡಿ ಅನುಮಾನ ಬಂದ್ಮೇಲೆ ಸಿಟಿ ಸ್ಕ್ಯಾನ್. ಫಾರ್ವರ್ಡ್ ಬರೆದ ಪುಣ್ಯಾತ್ಮ ಇದೊಂದನ್ನೇ ತಿರುಗಾಮುರುಗಾ ಮಾಡಿರೋದು

ಅಣ್ಣ: ಕ್ಯಾನ್ಸರ್ ಆಗುತ್ತಾ

ಅಕ್ಕ: ತೀರಾ ಅಪರೂಪ. ತುಟಿ ಒಳಗಡೆಯಿಂದ ಕುಯ್ದು ತೆಗೀತಾರೆ, ಮುಖದ ಮೇಲೆ ಗಾಯ ಇರಲ್ಲ. ಇಲ್ಲಾ ಮೂಗಿನೊಳಗಿಂದ ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆ ಹಾಕಿ ಚೀಲದ ಬಾಯಿ ತೆರೆದುಬಿಡ್ತಾರೆ

ವಿರಾಜಪೇಟೆ ದೊಡ್ಡಮ್ಮ: ನಂಗೆ ಮೇಲಿನ ಹಲ್ಲಿನ ಸೆಟ್ಟು ಕೂರ್ತಾನೇ ಇಲ್ಲಮ್ಮ, ಎಡಗಡೆ ತುಟಿ ಕೆಳಗೆ ಏನೋ ಅಡ್ಡ ಬರುತ್ತೆ. ಆ ಕಡೆ ಮೂಗೂ ಕಟ್ಟುತ್ತೆ. ಸೆಟ್ಟು ಹಳೇದಾಗಿದೆ ಅಂತ ಸುಮ್ನಿದ್ದೆ

ಅಕ್ಕ: ದೊಡ್ಡಮ್ಮಾ ಇದನ್ನ ಇಷ್ಟು ದಿನ ಹೇಳ್ಲಿಲ್ವಲ್ಲ!! ಹಲ್ಲಿನ ಬೇರು ಉಳಿದು ಹಂಗಾಗಿರ್ಬಹುದು, ಆ ಸಿಸ್ಟೂ ಇರ್ಬಹುದು, ಫೋನಲ್ಲಿ ಹೇಳೋಕಾಗಲ್ಲ. ನಿಮ್ಮೂರಲ್ಲೇ ಡೆಂಟಲ್ ಕಾಲೇಜಿದೆ, ಸೋಮವಾರ ಹೋಗಿ. ಸೆಟ್ಟು ಉಜ್ಜಿಸ್ಕೊಂಡು ವಾಪಸ್ ಬರ್ಬೇಡಿ ಮತ್ತೆ

ಮಾವ: ದೊಡ್ಡಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ. ನನ್ ಫಾರ್ವರ್ಡ್‌ನಿಂದ್ಲೇ ಗೊತ್ತಾಗಿದ್ದು ಇದು, ಎಲ್ರೂ ಗಮನಿಸಿ

ಅಣ್ಣ: 🙄

ಅತ್ತೆ: ಬಾಟ್ಲು ಬಚ್ಚಿಟ್ಟಿದೀನಿ, ಹುಡುಕ್ಬೇಡಿ